ವಾಫಲ್ ಹೆಣಿಗೆಯ ಮೂರನೆಯ ಸಾಲು: ಸಹಾಯ ಬೇಕು

ಸದಸ್ಯರೆಲ್ಲರಿಗೂ ನಮಸ್ಕಾರ. ಮಂಗಳೂರಿನ ಸೆಕೆಗೆ ಉಲ್ಲನ್ ಒಗ್ಗದ ಕಾರಣ ಹತ್ತಿಯ ನೂಲು ಮತ್ತು 4 ಮಿ.ಮೀ. ಕ್ರೋಶಾ ಕಡ್ಡಿ ಬಳಸಿ, ದಿಂಬಿನ ಕವರಿಗಾಗಿ ವಾಫಲ್ ಹೆಣಿಗೆಯನ್ನು (ಚೌಕದ ಗುಳಿಗಳು ಮೂಡುವ ವಿನ್ಯಾಸ) ಕಲಿಯುತ್ತಿದ್ದೇನೆ. ಮೊದಲ ಸಾಲು ಪೂರ್ತಿಯಾಗಿ ಅಮೆರಿಕನ್ ಪದ್ಧತಿಯ ಡಬಲ್ ಕ್ರೋಶಾ (ಕಡ್ಡಿಗೆ ಒಮ್ಮೆ ನೂಲು ಸುತ್ತಿಕೊಂಡು ಹಾಕುವ ಎತ್ತರದ ಹೊಲಿಗೆ). ಎರಡನೆಯದರಲ್ಲಿ ಒಂದು ಫ್ರಂಟ್ ಪೋಸ್ಟ್ (ಕೆಳಗಿನ ಹೊಲಿಗೆಯ ತಲೆಗೆ ಬದಲು ಅದರ ಕಂಬದ ಸುತ್ತ, ಮುಂಬದಿಯಿಂದ ಕಡ್ಡಿ ಹಾಕಿ ಹೆಣೆಯುವ ಡಬಲ್), ಎರಡು ಸಾದಾ ಡಬಲ್ ಎಂಬ ಕ್ರಮ. ಇಲ್ಲಿಯವರೆಗೆ ತೊಂದರೆಯಿಲ್ಲ.

ಆದರೆ ಮೂರನೆಯ ಸಾಲಿಗಾಗಿ ಹೆಣಿಗೆಯನ್ನು ತಿರುಗಿಸಿದೊಡನೆ ಉಬ್ಬಿದ್ದ ಕಂಬಗಳು ಹಿಂಬದಿಗೆ ಸರಿದು, ಅವುಗಳ ತಲೆ (ಮೇಲ್ತುದಿಯ ಕುಣಿಕೆ) ಯಾವುದು, ಪಕ್ಕದ ಸಾದಾ ಹೊಲಿಗೆಯ ತಲೆ ಯಾವುದು ಎಂಬುದೇ ಗೊತ್ತಾಗುವುದಿಲ್ಲ. ನೂಲನ್ನು ಸಡಿಲ ಬಿಟ್ಟು, ಹೊಲಿಗೆ ಗುರುತಿಸುವ ಮಾರ್ಕರ್ ಸಿಕ್ಕಿಸಿ, ಕಲಿಸುವ ವಿಡಿಯೊವನ್ನು ನಿಧಾನಗೊಳಿಸಿ ನೋಡಿದರೂ (ಅದರಲ್ಲಿ ಹೆಣೆಯುವವರ ಬೆರಳೇ ಅಡ್ಡ ಬರುತ್ತದೆ) ಚೌಕದ ಗುಳಿಗಳು ಮೂಡುತ್ತಿಲ್ಲ.

ಅನುಭವಿಗಳು ದಯವಿಟ್ಟು ತಿಳಿಸಿ: ತಿರುಗಿಸಿದ ನಂತರವೂ ಆ ಎರಡು ಸಾದಾ ಡಬಲ್‌ಗಳ ಸುತ್ತ ಕಡ್ಡಿಯನ್ನು ನಮಗೆ ಕಾಣುವ ಬದಿಯಿಂದಲೇ ಹಾಕಬೇಕೆ, ಹಿಂಬದಿಯಿಂದಲೇ?