ಮುಂಜಾನೆ ಮೊದಲ ಕಿಕ್ಕಿಗೆ ಹೊಗೆ: ರೀಬೋರಿಗೆ ಹೂಂ ಅನ್ನುವ ಮೊದಲು

ಕೇಳಿದವರು, ಬೆಟಗೇರಿಯಿಂದ:

ಅಣ್ಣಾರ, ಒಂದು ಸಲಹೆ ಬೇಕಾಗೇದ. ನಮ್ಮಪ್ಪಾರು 2004ರಾಗ ತಗೊಂಡ ಸ್ಪ್ಲೆಂಡರ್ ಈಗ ನಾನು ಓಡಸ್ತೀನಿ. ಒಂದು ತಿಂಗಳಾತು, ಮುಂಜಾನೆ ಚಾಲೂ ಆದ ಕೂಡ್ಲೆ ಸೈಲೆನ್ಸರ್‌ನಿಂದ ಭಸ್ಸಂತ ಹೊಗಿ ಬರ್ತದ. ಎರಡು ನಿಮಿಷಕ್ಕ ನಿಂತುಬಿಡ್ತದ. ಆಮ್ಯಾಲ ಲಕ್ಷ್ಮೇಶ್ವರಕ್ಕ ಹೋಗಿಬಂದ್ರೂ ಹೊಗಿ ಇಲ್ಲ. ಗ್ಯಾರೇಜಿನಾಗ ‘ಬೋರ್ ಹೋಗೇದ, ರೀಬೋರ್ ಮಾಡ್ಸು’ ಅಂದ್ರು, ಅಂದ್ರ ಪಿಸ್ಟನ್ ಓಡಾಡೋ ಸಿಲಿಂಡರಿನ ಒಳಗೋಡಿ ಸವೆದದ, ಕೊರೆದು ದೊಡ್ಡದು ಮಾಡ್ಸಬೇಕಂತ. ಅಷ್ಟು ರೊಕ್ಕ ಹಾಕೂದಕ್ಕ ಮೊದಲು ನಿಮ್ಮನ್ನ ಕೇಳೂಣು ಅಂತ. ಯಾರಿಗರ ಹಿಂಗ ಆಗಿತ್ತೇನ್ರಿ?

ಹುಬ್ಬಳ್ಳಿ ಉಣಕಲ್‌ನಿಂದ:

ತಮ್ಮಾ, ಇವತ್ತೇ ಹೂಂ ಅನ್ನಬೇಡ. ಆ ತಪ್ಪು ನಾನು ಮಾಡಿದ್ದೇನೆ. ನನ್ನ ಹಳೆಯ ನೂರು ಸಿಸಿ ಗಾಡಿಯೂ ಹೀಗೇ ಮುಂಜಾನೆ ಅಷ್ಟೇ ಹೊಗೆ ಬಿಡುತ್ತಿತ್ತು. ಒಬ್ಬ ಮೆಕ್ಯಾನಿಕ್ ಹೇಳಿದರೆಂದು 0.25 ಮಿಲಿಮೀಟರಿಗೆ ರೀಬೋರ್ ಮಾಡಿಸಿ ಹೊಸ ಪಿಸ್ಟನ್, ಅದರ ಸುತ್ತ ಕೂರುವ ಹೊಸ ರಿಂಗ್ ಹಾಕಿಸಿದೆ. ವಾರ ಕಳೆಯುವುದರೊಳಗೆ ಅದೇ ಹೊತ್ತಿಗೆ ಅದೇ ಹೊಗೆ! ಬೇರೆಯವರ ಹತ್ತಿರ ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಬಿಚ್ಚಿಸಿದಾಗ ಗೊತ್ತಾಯಿತು, ವಾಲ್ (ಪೆಟ್ರೋಲ್-ಗಾಳಿ ಒಳಬಿಡುವ, ಹೊಗೆ ಹೊರಬಿಡುವ ಬಾಗಿಲು) ಸೀಲಿನ ರಬ್ಬರ್ ಕಲ್ಲಿನಂತೆ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಮೊದಲ ಸಲ ಹೆಡ್ ಬಿಚ್ಚಿದಾಗ ಅದನ್ನು ಯಾರೂ ಮುಟ್ಟಿರಲಿಲ್ಲ. ರೊಕ್ಕ ಹೋದದ್ದಕ್ಕಿಂತ ಹೆಚ್ಚು ಹೊಟ್ಟೆ ಉರಿದದ್ದು ಬೋರಿಗಾಗಿ. ಸಾಮಾನ್ಯವಾಗಿ 0.25, 0.50, 0.75, 1.00 ಮಿಲಿಮೀಟರ್ ಅಂತ ಹಂತಹಂತವಾಗಿ ಕೊರೆಯುತ್ತಾರೆ, ಅಲ್ಲಿಗೆ ಮುಗಿಯಿತು. ಸುಮ್ಮನೆ ಒಂದು ಹಂತ ಕಳೆದುಕೊಂಡಿದ್ದೆ.

ಹೊಗೆ ಯಾವಾಗ ಬರುತ್ತದೆ ಅನ್ನುವುದನ್ನು ಹಿಡಿ. ಹೆಡ್ಡಿನ ಮೇಲ್ಭಾಗದಲ್ಲಿ ಸದಾ ಎಣ್ಣೆ ಓಡಾಡುತ್ತದೆ. ವಾಲಿನ ಕಡ್ಡಿಗುಂಟ ಆ ಎಣ್ಣೆ ಕೆಳಗಿಳಿಯದಂತೆ ತಡೆಯುವುದೇ ಸೀಲಿನ ಕೆಲಸ. ಸೀಲ್ ಸತ್ತರೆ ರಾತ್ರಿಯಿಡೀ ಹನಿ ಹನಿಯಾಗಿ ಗೈಡಿನಿಂದ, ಅಂದರೆ ಆ ಕಡ್ಡಿ ಓಡಾಡುವ ಕೊಳವೆಯಿಂದ, ಜಾರಿ ಒಳಗೆ ಕೂರುತ್ತದೆ. ಮುಂಜಾನೆ ಅದಷ್ಟು ಸುಟ್ಟು ನೀಲಿ ಹೊಗೆಯಾಗಿ ಹೊರಬರುತ್ತದೆ, ಆಮೇಲೆ ಸ್ವಚ್ಛ. ರಿಂಗ್ ಮತ್ತು ಬೋರ್ ಸವೆದಿದ್ದರೆ ಹಾಗಲ್ಲ. ಎಂಜಿನ್ ಬಿಸಿಯಾದ ಮೇಲೂ, ಲೋಡ್ ಹಾಕಿ ಎಕ್ಸಿಲೇಟರ್ ಕೊಟ್ಟಾಗಲೂ ಹೊಗೆ ನಿಲ್ಲದೆ ಬೆನ್ನು ಹತ್ತುತ್ತದೆ. ಲಕ್ಷ್ಮೇಶ್ವರದವರೆಗೆ ಹೊಗೆ ಇಲ್ಲ ಅಂದೆಯಲ್ಲ, ಅದಕ್ಕೇ ನನಗೆ ಬೋರಿನ ಮೇಲೆ ಅನುಮಾನ ಕಡಿಮೆ.

ಆದರೂ ನನ್ನ ಮಾತಿಗೆ ಹೆಡ್ ಬಿಚ್ಚಿಸಬೇಡ, ನೀನೇ ನೋಡು. ಮುಂಜಾನೆ ಚಾಲೂ ಮಾಡಿ ಬಿಳಿ ಅರಿವೆಯನ್ನು ಸೈಲೆನ್ಸರ್ ಬಾಯಿಗೆ ಅರ್ಧ ನಿಮಿಷ ಹಿಡಿ. ನೀರು ಮಾತ್ರ ಆದರೆ ಒಣಗಿದ ಮೇಲೆ ಕಲೆ ಇರದು. ಜಿಡ್ಡು ಅಂಟಿದರೆ ಎಣ್ಣೆ, ಒಣ ಮಸಿಯಾದರೆ ಪೆಟ್ರೋಲ್ ಹೆಚ್ಚಾಗಿದೆ ಅಂತ. ಸ್ಪಾರ್ಕ್ ಪ್ಲಗ್ಗೂ ಇದನ್ನೇ ಹೇಳುತ್ತದೆ: ತುದಿ ಚಹಾದ ಬಣ್ಣ ಇದ್ದರೆ ಚಲೋ, ಕಪ್ಪಗೆ ಹಸಿಹಸಿ ಜಿಡ್ಡಾದರೆ ಎಣ್ಣೆ ಸುಡುತ್ತಿದೆ.

ಎರಡನೆಯದು ಇಳಿಜಾರಿನಲ್ಲಿ. ನಾನು ನೃಪತುಂಗ ಬೆಟ್ಟ ಇಳಿಯುವಾಗ ಮಾಡಿದ್ದೆ, ನಿನಗೆ ಡೋಣಿ ಕಡೆ ಕಪ್ಪತಗುಡ್ಡದ ದಾರಿ ಇದೆ. ಗೇರಿನಲ್ಲಿಟ್ಟು ಎಕ್ಸಿಲೇಟರ್ ಪೂರ್ತಿ ಬಿಟ್ಟು ಇಳಿ, ಕೆಳಗೆ ಬಂದು ಒಮ್ಮೆ ಕೊಡು. ಹಿಂದೆ ಬರುವ ಗೆಳೆಯ ನೋಡಲಿ. ಎಕ್ಸಿಲೇಟರ್ ಮುಚ್ಚಿದಾಗ ಎಂಜಿನ್ ಒಳಕ್ಕೆ ಜೋರಾಗಿ ಹೀರುತ್ತದೆ, ಸಡಿಲ ಸೀಲಿನಿಂದ ಎಣ್ಣೆಯೂ ಬರುತ್ತದೆ. ಆಗ ಒಮ್ಮೆ ಭುಸ್ಸೆಂದು ನೀಲಿ ಹೊಗೆ ಬಂದರೆ ಸೀಲ್ ಅಥವಾ ಗೈಡ್.

ಮೂರನೆಯದು ಕಂಪ್ರೆಶನ್, ಅಂದರೆ ಪಿಸ್ಟನ್ ಗಾಳಿಯನ್ನು ಅದುಮುವ ಬಿಗಿ. ಕೀ ಆಫ್ ಇರಲಿ. ಕಿಕ್ ಒತ್ತಿ ಬಿಗಿ ಎಷ್ಟಿದೆ ನೋಡು. ಪ್ಲಗ್ ಬಿಚ್ಚಿ ಆ ತೂತಿನಲ್ಲಿ ಒಂದು ಸಣ್ಣ ಚಮಚ ಎಂಜಿನ್ ಆಯಿಲ್ ಬಿಟ್ಟು, ಪ್ಲಗ್ ಹಾಕಿ ಮತ್ತೆ ಒತ್ತು. ಬಿಗಿ ಎದ್ದು ಕಾಣುವಷ್ಟು ಹೆಚ್ಚಾದರೆ ರಿಂಗಿನ ಸಂದಿಯನ್ನು ಎಣ್ಣೆ ಮುಚ್ಚಿದೆ, ಅಂದರೆ ಗ್ಯಾರೇಜಿನವರ ಮಾತು ಖರೆ. ಬದಲಾಗದಿದ್ದರೆ ರಿಂಗ್ ಬಹುಶಃ ಸರಿ ಇದೆ. ಮೀಟರ್ ಹಾಕಿ ನೋಡುವವರು ಸಿಕ್ಕರೆ ಇನ್ನೂ ಚಲೋ. ಇದಾದ ಮೇಲೆ ಚಾಲೂ ಮಾಡಿದರೆ ದಟ್ಟ ಹೊಗೆ ಬರುತ್ತದೆ, ನೀನು ಹಾಕಿದ ಎಣ್ಣೆಯದೇ ಅದು, ಹೆದರಬೇಡ.

ಮೊದಲು ಆಯಿಲ್ ಲೆವೆಲ್ ನೋಡಿದೆಯಾ? ಮೇಲಿನ ಗೆರೆ ದಾಟಿ ತುಂಬಿದರೂ ಹೊಗೆ ಬರುತ್ತದೆ. ಕೆಳಗಿನ ಗೆರೆಗೆ ಇಳಿದಿದ್ದರೆ ಪರೀಕ್ಷೆ ಆಮೇಲೆ, ಎಣ್ಣೆ ಮೊದಲು. ಈ ಎಂಜಿನ್ನಿಗೆ ಹಿಡಿಯುವುದೇ ಒಂದು ಲೀಟರಿನ ಆಸುಪಾಸು, ಅದರಲ್ಲಿ ಕಾಲು ಭಾಗ ಹೋದರೂ ವಾಲ್ ತೆರೆಯುವ ಕ್ಯಾಮಿಗೆ ಪೆಟ್ಟು.

ಧಾರವಾಡ ಸಪ್ತಾಪುರದಿಂದ:

ಡಿಸೆಂಬರ್‌ನಾಗ ನಮ್ಮ ಗಾಡಿನೂ ದಿನಾ ಮುಂಜಾನೆ ಬಿಳೇ ಹೊಗಿ ಬಿಡ್ತಿತ್ತು. ಯಾವುದೋ ಕಾರಿನ ವಿಡಿಯೋ ನೋಡಿ ಹೆಡ್ ಗ್ಯಾಸ್ಕೆಟ್ (ಹೆಡ್ ಕೆಳಗಿನ ಪ್ಯಾಕಿಂಗ್) ಹೋತು ಅಂತ ಗಾಬರಿ ಆಗಿದ್ದೆ. ಇವು ಗಾಳಿಯಿಂದ ಆರೋ ಎಂಜಿನ್ನು, ಕೂಲಂಟ್ ನೀರೇ ಇಲ್ಲ. ಸೈಲೆನ್ಸರ್‌ನಾಗ ಕುಂತ ತಂಪಿನ ನೀರು ಉಗಿಯಾಗಿ ಬರೋದಷ್ಟ. ವಾಸನಿ ಇಲ್ಲ, ಗಾಳ್ಯಾಗ ತಕ್ಷಣ ಕರಗ್ತದ. ನೀಲಿ ಹೊಗಿ ಹಂಗಲ್ಲ, ತೂಗಾಡಕೋತ ನಿಲ್ತದ, ಕರಿದ ಎಣ್ಣಿ ಹೊತ್ತಿದ ವಾಸನಿ.

ಕರೇ ಹೊಗಿ ಆದ್ರ ಚೋಕ್ ಪೂರ್ತಿ ವಾಪಸ್ ಬರ್ತದೋ ಇಲ್ಲೋ ನೋಡ್ರಿ, ಏರ್ ಫಿಲ್ಟರ್ ಝಾಡಿಸ್ರಿ.

ಹಾವೇರಿಯಿಂದ:

ಆರ್‌ಎಕ್ಸ್ 100 (ಹಳೇ ಯಮಹಾ ಟೂ ಸ್ಟ್ರೋಕ್ ಬೈಕ್) ಇರೋರಿಗೆ ಒಂದ್ಮಾತು. ಟೂ ಸ್ಟ್ರೋಕಿನಾಗ ಎಣ್ಣಿ ಪೆಟ್ರೋಲಿನ ಜೋಡಿನ ಸುಡ್ತದ, ಮುಂಜಾನೆ ಸ್ವಲ್ಪ ಹೊಗಿ ಇರೋದಾ. ವಾಲ್ ಸೀಲ್ ಮಾತು ಅದಕ್ಕ ಹೊಂದೂದಿಲ್ಲ. ಆದ್ರ ಹೊಗಿ ದಟ್ಟಾಗಿ ನಿಲ್ಲದ ಬಂದು, ಹೊರಗ ಎಲ್ಲೂ ಸೋರದ ಗೇರ್ ಆಯಿಲ್ ಕಡಿಮಿ ಆಗ್ತಿದ್ರ ಆ ಎಣ್ಣಿ ಎಂಜಿನ್ ಒಳಗ ಹೋಗದಂಗ ತಡಿಯೋ ಕ್ಲಚ್ ಕಡೆ ಕ್ರ್ಯಾಂಕ್ ಸೀಲ್ ಹೋಗೇದಂತ ತಿಳೀರಿ. ನಂದು ಹಂಗ ಆಗಿತ್ತು. ಬ್ಯಾಡಗಿ ಹಾದ್ಯಾಗ ಹಿಂದಿನವ್ರು ಮುಖಕ್ಕ ಅರಿವಿ ಕಟ್ಟಿಕೊಂಡಿದ್ರು.

ಮತ್ತೆ ಬೆಟಗೇರಿಯಿಂದ:

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಮೂರೂ ಮಾಡಿದೆ. ಅರಿವಿಗೆ ಜಿಡ್ಡು ಹತ್ತೇದ. ಇಳಿಜಾರಿನ್ಯಾಗ ಗೆಳ್ಯಾ ಹಿಂದಿಂದ ಚೀರಿದ, ‘ಬಂತು ಬಂತು’ ಅಂತ. ಚಮಚ ಎಣ್ಣಿ ಹಾಕಿದ್ರೂ ಕಿಕ್ ಬಿಗಿ ಅಷ್ಟ ಇತ್ತು. ಬ್ಯಾರೆ ಮೆಕ್ಯಾನಿಕ್‌ಗೆ ತೋರ್ಸಿದೆ, ಸೀಲ್ ಹಾಕೋಣು ಅಂದ್ರು. ಬರೇ ಸೀಲ್ ಹಾಕಿದ್ರ ಸಾಕೇನ್ರಿ ಉಣಕಲ್ ಅಣ್ಣಾರ?

ಉಣಕಲ್‌ನಿಂದ:

ಹೆಡ್ ಬಿಚ್ಚಿದಾಗ ನೀನೂ ಅಲ್ಲೇ ನಿಂತಿರು. ಸ್ಪ್ರಿಂಗ್ ತೆಗೆದ ಮೇಲೆ ವಾಲನ್ನು ಬೆರಳಲ್ಲಿ ಹಿಡಿದು ಆಚೀಚೆ ಅಲ್ಲಾಡಿಸಿ ತೋರಿಸಲು ಹೇಳು. ಗಲಗಲ ಅಂದರೆ ಗೈಡೂ ಸವೆದಿದೆ. ಆಗ ಹೊಸ ಸೀಲ್ ಹಾಕಿದರೂ ಬಹಳ ದಿನ ಬಾಳದು, ಲೇಥಿನವರ ಹತ್ತಿರ ಗೈಡ್ ಬದಲಿಸಿ, ವಾಲ್ ಕೂರುವ ಸೀಟಿನ ಕಟಿಂಗ್ ಮಾಡಿಸಬೇಕು. ಬೋರಿಗೆ ಬೆರಳು ಹಾಕಿ ಸವರಿ ನೋಡು, ಉಗುರಿಗೆ ಗೆರೆ ಸಿಕ್ಕದಿದ್ದರೆ ಅದನ್ನು ಮುಟ್ಟಿಸಬೇಡ. ಗ್ಯಾಸ್ಕೆಟ್ ಮಾತ್ರ ಹೊಸದು ಹಾಕಿಸು, ಹಳೆಯದನ್ನೇ ಬಾಂಡ್ ಅಂಟು ಹಚ್ಚಿ ಕೂಡಿಸಲು ಬಿಡಬೇಡ.