ರಾತ್ರಿ ಕಡಿಮೆ ಉಂಡರೂ ಬೆಳಿಗ್ಗೆ ಶುಗರ್ ಏರುತ್ತಿದೆ: ನಿಭಾಯಿಸಿದವರು ತಿಳಿಸಿ

ಕೇಳಿದವರು, ಹುಬ್ಬಳ್ಳಿ:
ನಮ್ಮ ತಾಯಿಯವರಿಗೆ ಅರವತ್ತು ದಾಟಿದೆ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಮಲಗುವಾಗ 140ರ ಆಸುಪಾಸಿನಲ್ಲಿದ್ದ ಶುಗರ್ ಬೆಳಿಗ್ಗೆ ಚಹಾ ಕುಡಿಯುವ ಮೊದಲೇ 190 ತೋರಿಸುತ್ತದೆ. ಬೇಸತ್ತು, ಇನ್ನು ರಾತ್ರಿಯ ಊಟವನ್ನೇ ಬಿಡುತ್ತೇನೆ ಎನ್ನುತ್ತಿದ್ದಾರೆ. ಏನು ಮಾಡಬಹುದು?

ಧಾರವಾಡದಿಂದ ಒಬ್ಬರು:
ದಯವಿಟ್ಟು ಊಟ ಬಿಡಿಸಬೇಡಿ. ನಸುಕಿನ ಮೂರರಿಂದ ಎಂಟು ಗಂಟೆಯ ನಡುವೆ ದೇಹ ಏಳುವುದಕ್ಕೆ ಅಣಿಯಾಗುವಾಗ ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನು ಮುಂತಾದವು ಹೆಚ್ಚುತ್ತವೆ. ಅವುಗಳ ಪ್ರಭಾವದಿಂದ ಲಿವರ್ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತದೆ. ಇದು ಎಲ್ಲರಲ್ಲಿಯೂ ನಡೆಯುವಂಥದ್ದೇ. ಕಾಯಿಲೆ ಇಲ್ಲದವರಲ್ಲಿ ಇನ್ಸುಲಿನ್ ಅದಕ್ಕೆ ತಕ್ಕಂತೆ ಹೆಚ್ಚಿ ಸರಿದೂಗಿಸುತ್ತದೆ, ನಮ್ಮಂಥವರಲ್ಲಿ ಅದು ಸಾಲುವುದಿಲ್ಲ. ಹಾಗಾಗಿ ಏನೂ ಉಣ್ಣದೆ ಮಲಗಿದರೂ ಬೆಳಗಿನ ಅಂಕಿ ಏರಬಹುದು. ತಾಯಿಯವರು ಮರೆಯಲ್ಲಿ ಪೇಡೆ ತಿಂದಿರಬೇಕೆಂದು ಮನೆಯವರು ಅನುಮಾನಿಸಬೇಕಾಗಿಲ್ಲ.

ಆದರೆ ಬೆಳಗಿನ ಒಂದೇ ಅಂಕಿಯನ್ನು ಹಿಡಿದುಕೊಂಡು ಹೋದರೆ ವೈದ್ಯರಿಗೂ ಕಾರಣ ತಿಳಿಯುವುದು ಕಷ್ಟ. ಕೆಲವು ರಾತ್ರಿ ಮಲಗುವಾಗ, ನಸುಕಿನ ಮೂರಕ್ಕೆ ಮತ್ತು ಎದ್ದ ಕೂಡಲೇ, ಹೀಗೆ ಮೂರು ಸಲ ನೋಡಿ, ಉಂಡ ಹೊತ್ತು, ಉಂಡದ್ದೇನು, ಮಾತ್ರೆ ಯಾವಾಗ ಎಂಬುದರ ಜೊತೆಗೆ ಬರೆದಿಡಿ. ಮಲಗುವಾಗಲೇ ಹೆಚ್ಚಿದ್ದರೆ ಮೊದಲು ಊಟದ ಕಡೆ ನೋಡಬೇಕು. ಮೂರು ಗಂಟೆಯವರೆಗೆ ಸರಿಯಿದ್ದು ಆಮೇಲೆ ಏರಿದರೆ ನಾನು ಮೇಲೆ ಹೇಳಿದ ಕಾರಣವಿರಬಹುದು. ಮೂರು ಗಂಟೆಗೆ 70ಕ್ಕಿಂತ ಕೆಳಗಿದ್ದರೆ ಮಾತು ಬೇರೆ. ಆಗ ಔಷಧವೇ ಹೆಚ್ಚಾಗಿರುವ ಸಾಧ್ಯತೆಯಿದೆ. ಮಾತ್ರೆಯ ಹಾಳೆಯ ಹಿಂಭಾಗವನ್ನು ಒಮ್ಮೆ ಓದಿ. ಬರಿಯ ಮೆಟ್‌ಫಾರ್ಮಿನ್‌ನಿಂದ ಶುಗರ್ ಹಾಗೆ ಕುಸಿಯುವುದು ಅಪರೂಪ. ಆದರೆ ಅದರೊಂದಿಗೆ ಗ್ಲಿಮೆಪಿರೈಡ್ ಸೇರಿಸಿದ ಮಾತ್ರೆಗಳು ನಮ್ಮಲ್ಲಿ ಬಹಳ ಬಳಕೆಯಲ್ಲಿದ್ದು, ಅದು ಶುಗರನ್ನು ತೀರ ಕೆಳಗಿಳಿಸಬಲ್ಲದು.

ನನ್ನ ವಿಷಯದಲ್ಲಿ ಮಲಗುವಾಗಿನ ಅಂಕಿಯೇ ಹೆಚ್ಚಿತ್ತು. ಹತ್ತು ಗಂಟೆಯ ಊಟವನ್ನು ಎಂಟರೊಳಗೆ ತಂದೆವು, ಉಂಡ ಮೇಲೆ ಓಣಿಯಲ್ಲಿ ಹದಿನೈದು ನಿಮಿಷ ಅಡ್ಡಾಡುವುದನ್ನು ರೂಢಿಸಿಕೊಂಡೆ. ಜೋಳದ ರೊಟ್ಟಿ ಶುಗರಿಗೆ ಒಳ್ಳೆಯದೆಂದು ನಮ್ಮ ಕಡೆ ಲೆಕ್ಕವಿಲ್ಲದೆ ತಿನ್ನುವವರಿದ್ದಾರೆ, ಜೋಳವೂ ಪಿಷ್ಟವೇ. ರೊಟ್ಟಿ ಎರಡಕ್ಕೆ ನಿಲ್ಲಿಸಿ, ಹೆಸರುಕಾಳಿನ ಪಲ್ಯ ಮತ್ತು ಹಸಿ ತರಕಾರಿಯನ್ನು ಹೆಚ್ಚಿಸಿದೆ, ಅನ್ನ ಬಿಟ್ಟೆ. ಬೆಳಗಿನ ಅಂಕಿ ಸಾಕಷ್ಟು ಇಳಿಯಿತು. ಉಳಿದದ್ದು ವೈದ್ಯರು ಮಾತ್ರೆಯ ಹೊತ್ತನ್ನು ಬದಲಿಸಿದ ಮೇಲೆ ಹತೋಟಿಗೆ ಬಂತು. ಮೆಂತ್ಯೆಯ ನೀರನ್ನೂ ಕುಡಿದು ನೋಡಿದ್ದೇನೆ, ನನಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಗದಗದಿಂದ ಒಬ್ಬರು:
ಮೂರು ಗಂಟೆಯ ಪರೀಕ್ಷೆಯನ್ನು ತಪ್ಪಿಸಬೇಡಿರೆಂದು ನಾನೂ ಹೇಳುತ್ತೇನೆ. ನಮ್ಮ ಯಜಮಾನರು ರಾತ್ರಿ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಬೆಳಿಗ್ಗೆ 200 ದಾಟುತ್ತಿದ್ದುದರಿಂದ ಡೋಸು ಏರಿಸುವ ಮಾತು ನಡೆದಿತ್ತು. ಅಷ್ಟರಲ್ಲಿ ಒಂದು ರಾತ್ರಿ ನನಗೆ ಎಚ್ಚರವಾಗಿ ನೋಡಿದರೆ ಅವರ ಬನಿಯನ್ನು, ದಿಂಬಿನ ಚೀಲ ಎರಡೂ ಬೆವರಿನಿಂದ ತೊಯ್ದಿದ್ದವು, ಕರೆದರೆ ಮಾತು ತೊದಲುತ್ತಿತ್ತು. ಮೀಟರಿನಲ್ಲಿ 58 ಇತ್ತು. ಎದ್ದು ಕೂರಿಸಿ, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿದೆ, ಹದಿನೈದು ನಿಮಿಷದ ನಂತರ ಮತ್ತೆ ನೋಡಿದೆ. ವೈದ್ಯರು ಡೋಸನ್ನು ಏರಿಸುವ ಬದಲು ಇಳಿಸಿದರು. ರಾತ್ರಿ ಕುಸಿದ ಶುಗರ್ ಬೆಳಿಗ್ಗೆ ಪುಟಿದೇಳುವುದಕ್ಕೆ ಸೊಮೊಗಿ ಪರಿಣಾಮ ಎಂದು ಹೆಸರಿದೆ. ಇದು ನಿಜಕ್ಕೂ ಎಷ್ಟು ಜನರಲ್ಲಿ ಆಗುತ್ತದೆಂಬ ಬಗ್ಗೆ ತಜ್ಞರಲ್ಲಿಯೇ ಒಮ್ಮತವಿಲ್ಲವಂತೆ. ಏನೇ ಇರಲಿ, ಡೋಸನ್ನು ಮನೆಯಲ್ಲಿ ನಾವೇ ಏರಿಸುವುದು, ಇಳಿಸುವುದು ಬೇಡ. ರಾತ್ರಿ ಬೆವರು, ಕೆಟ್ಟ ಕನಸು, ಬೆಳಿಗ್ಗೆ ತಲೆನೋವು ಇವೆಯೇ ಎಂದು ತಾಯಿಯವರನ್ನು ವಿಚಾರಿಸಿ.

ಹಾವೇರಿಯಿಂದ ಒಬ್ಬರು:
ಪರೀಕ್ಷೆಗೆ ಮೊದಲು ಸೋಪಿನಿಂದ ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಲಿ. ಹಣ್ಣು ಹೆಚ್ಚಿದ ಬೆರಳಿನಲ್ಲಿ ಅಂಕಿ ಸುಳ್ಳಾಗಿ ಏರುತ್ತದೆ. ಸ್ಟ್ರಿಪ್ಪಿನ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಅವಧಿ ಮುಗಿದಿದೆಯೇ ನೋಡಿ. ಮೀಟರಿನಲ್ಲಿ ನೂರಕ್ಕೆ ಹದಿನೈದರಷ್ಟು ಹೆಚ್ಚುಕಡಿಮೆ ಬರುವುದು ಸಹಜ. 140 ಮತ್ತು 150ರ ವ್ಯತ್ಯಾಸಕ್ಕೆ ಗಾಬರಿಯಾಗುವುದರಲ್ಲಿ ಅರ್ಥವಿಲ್ಲ.

ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಹಾಳೆ ತೆಗೆದು ಓದಿದೆ, ಗ್ಲಿಮೆಪಿರೈಡ್ ಸೇರಿದೆ. ಆದರೆ ಮೂರಕ್ಕೆ ಎಬ್ಬಿಸಿದರೆ ನಿದ್ದೆ ಕೆಟ್ಟು ಶುಗರ್ ಇನ್ನಷ್ಟು ಏರುವುದಿಲ್ಲವೇ?

ಧಾರವಾಡದವರು:
ನಿದ್ದೆಗೆಟ್ಟರೆ ಏರಬಹುದು, ನಿಜ. ಆದ್ದರಿಂದಲೇ ದಿನವೂ ಬೇಡ, ಎರಡು ಮೂರು ರಾತ್ರಿ ಸಾಕು. ಮೀಟರು, ಸ್ಟ್ರಿಪ್ಪು, ಸಕ್ಕರೆ ಎಲ್ಲವನ್ನೂ ಮಂಚದ ಪಕ್ಕದಲ್ಲೇ ಜೋಡಿಸಿಡಿ. ಕಡಿಮೆ ಕಂಡರೆ ಬರೆಯುವ ಮೊದಲು ಸಕ್ಕರೆ ನೀರು ಕುಡಿಸಿ, ಬೆಳಿಗ್ಗೆಯೇ ವೈದ್ಯರಿಗೆ ತಿಳಿಸಿ. ಎಬ್ಬಿಸುವುದೇ ಬೇಡವೆನಿಸಿದರೆ, ತೋಳಿಗೆ ಅಂಟಿಸಿ ಹದಿನಾಲ್ಕು ದಿನ ಹಗಲಿರುಳು ಗ್ಲೂಕೋಸ್ ಅಳೆಯುವ ಸೆನ್ಸರ್ ಸಿಗುತ್ತದೆ. ಬೆಲೆ ಸ್ವಲ್ಪ ಭಾರವೇ, ಹಾಗಾಗಿ ಅದರ ವರದಿಯನ್ನು ಕುಳಿತು ಓದಿ ಹೇಳುತ್ತಾರೆಯೇ ಎಂದು ನಿಮ್ಮ ವೈದ್ಯರನ್ನು ಮೊದಲೇ ಕೇಳಿಕೊಂಡು ಕೊಳ್ಳಿರಿ.