ಅಮೆರಿಕದ ಕಾಲೇಜು ಐಸ್ ಹಾಕಿ ಕೋಚ್‌ಗಳು ಎನ್‌ಎಚ್‌ಎಲ್‌ಗೆ (ಅಲ್ಲಿನ ದೊಡ್ಡ ವೃತ್ತಿಪರ ಲೀಗ್) ಯಾಕೆ ಹೋಗಲ್ಲ?

ಹಿಮಗಾಲಿ: ಕಾಲೇಜು ಹಾಕಿ ಕೋಚ್ ಜೆರಿ ಯಾರ್ಕ್ ಬಗ್ಗೆ ಓದುತ್ತಿದ್ದೆ. 1972ರಲ್ಲಿ ಕ್ಲಾರ್ಕ್‌ಸನ್ ವಿಶ್ವವಿದ್ಯಾಲಯದಲ್ಲಿ ಹೆಡ್ ಕೋಚ್ ಆದರು, ಆಮೇಲೆ ಬೌಲಿಂಗ್ ಗ್ರೀನ್, 1994ರಿಂದ ತಾವೇ ಓದಿ ಆಡಿದ್ದ ಬಾಸ್ಟನ್ ಕಾಲೇಜು. 2022ರಲ್ಲಿ ನಿವೃತ್ತಿ ಆಗುವಾಗ 1,123 ಗೆಲುವು, ಐದು ರಾಷ್ಟ್ರೀಯ ಪ್ರಶಸ್ತಿ. ಇಷ್ಟು ಗೆದ್ದವರು ಎನ್‌ಎಚ್‌ಎಲ್ ತಂಡ ಹಿಡಿಯದೆ ಐವತ್ತು ಸೀಸನ್ ಕಾಲೇಜಲ್ಲೇ ಕಳೆದರು ಅಂದರೆ, ಆ ಕೆಲಸದಲ್ಲಿ ಅಂಥದ್ದೇನಿದೆ?

ನೀಲಿಗೆರೆ: ಹೋದವರೂ ಇದ್ದಾರೆ. ಬಾಬ್ ಜಾನ್ಸನ್ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಮೂರು ಪ್ರಶಸ್ತಿ ಗೆದ್ದುಕೊಟ್ಟು ಎನ್‌ಎಚ್‌ಎಲ್‌ನ ಕ್ಯಾಲ್ಗರಿ ತಂಡಕ್ಕೆ ಹೋದರು, 1991ರಲ್ಲಿ ಪಿಟ್ಸ್‌ಬರ್ಗ್ ಜೊತೆ ಎನ್‌ಎಚ್‌ಎಲ್ ಪ್ರಶಸ್ತಿಯಾದ ಸ್ಟಾನ್ಲಿ ಕಪ್ಪನ್ನೂ ಎತ್ತಿದರು. ಆದರೆ ಕೆಲಸವೇ ಬೇರೆ ಅಲ್ವಾ. ಎನ್‌ಎಚ್‌ಎಲ್‌ನಲ್ಲಿ ಆಟಗಾರರನ್ನು ತಂದುಕೊಡೋದು ಜನರಲ್ ಮ್ಯಾನೇಜರ್. ಕಾಲೇಜಿನಲ್ಲಿ ಹೆಡ್ ಕೋಚ್ ತಾನೇ ಹುಡುಗರ ಮನೆಗೆ ಹೋಗಿ, ಅಪ್ಪ ಅಮ್ಮನ ಜೊತೆ ಕೂತು ಮಾತಾಡಿ ತಂಡ ಕಟ್ಟಬೇಕು. ಕಟ್ಟಿದ ತಂಡವೂ ನಿಲ್ಲಲ್ಲ. ಹಾಕಿಯಲ್ಲಿ ಎನ್‌ಎಚ್‌ಎಲ್ ಡ್ರಾಫ್ಟ್ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳೋದು) ಆದ ಹುಡುಗ ಕಾಲೇಜಿನಲ್ಲೇ ಆಡುತ್ತಿರಬಹುದು, ಆದರೆ ಆ ತಂಡ ಕರೆದು ಕಾಂಟ್ರಾಕ್ಟ್ ಕೊಟ್ಟರೆ ಎರಡನೇ ವರ್ಷಕ್ಕೇ ಹೊರಟುಬಿಡುತ್ತಾನೆ, ಈಗ ಬೇರೆ ಕಾಲೇಜಿಗೆ ಟ್ರಾನ್ಸ್‌ಫರ್ ಆಗೋದೂ ಸುಲಭ, ಹಾಗಾಗಿ ಸೀಸನ್ ಮುಗಿದ ಕೂಡಲೇ ಮುಂದಿನ ವರ್ಷಕ್ಕೆ ಯಾರು ಉಳಿಯುತ್ತಾರೆ ಅನ್ನೋದೇ ಕೋಚ್‌ಗೆ ದೊಡ್ಡ ಚಿಂತೆ. ಯಾರ್ಕ್ ಇದನ್ನು ಐವತ್ತು ಸಲ ಮಾಡಿದರು. ನನಗೆ ಆ 1,123ಕ್ಕಿಂತ ಇದೇ ದೊಡ್ಡದು.

ಮೂರನೇ ಪೀರಿಯಡ್: ಒಪ್ಪುತ್ತೇನೆ, ಆದರೆ ಬರೀ ರಿಕ್ರೂಟಿಂಗ್ (ಹುಡುಗರನ್ನು ತಂಡಕ್ಕೆ ಕರೆತರೋದು) ಅಂದುಕೊಳ್ಳಬೇಡಿ. ಡೆನ್ವರ್ ವಿಶ್ವವಿದ್ಯಾಲಯದ ಕೋಚ್ ಡೇವಿಡ್ ಕಾರ್ಲ್ ನೋಡಿ. 2008ರಲ್ಲಿ ಡ್ರಾಫ್ಟ್‌ಗೆ ಸ್ವಲ್ಪ ಮುಂಚೆ ಹೃದಯದ ತೊಂದರೆ ಗೊತ್ತಾಯಿತು, ಆಟ ಅಲ್ಲಿಗೇ ಮುಗಿಯಿತು. ಎನ್‌ಎಚ್‌ಎಲ್ ತಂಡ ಟ್ಯಾಂಪಾ ಬೇ ಆದರೂ ಡ್ರಾಫ್ಟ್‌ನ ಕೊನೇ ಸುತ್ತಿನಲ್ಲಿ ಅವರ ಹೆಸರು ಕರೆಯಿತು. ಡೆನ್ವರ್ ಸ್ಕಾಲರ್‌ಶಿಪ್ ವಾಪಸ್ ತಗೊಳ್ಳಲಿಲ್ಲ, ಓದುತ್ತಲೇ ಕೋಚಿಂಗ್ ಕಲಿತರು. 2018ರಲ್ಲಿ ಆಗಿನ ಹೆಡ್ ಕೋಚ್ ಜಿಮ್ ಮಾಂಟ್‌ಗೊಮೆರಿ ಎನ್‌ಎಚ್‌ಎಲ್‌ನ ಡಲ್ಲಾಸ್ ತಂಡಕ್ಕೆ ಹೋದಾಗ 28ನೇ ವಯಸ್ಸಿಗೇ ಹೆಡ್ ಕೋಚ್, 2022 ಮತ್ತು 2024ರಲ್ಲಿ ಪ್ರಶಸ್ತಿ. ಕಾಲೇಜಿನಲ್ಲಿ ಒಂದು ದಿನವೂ ಆಡದ ಹುಡುಗನಿಗೆ ಈ ದಾರಿ ಸಿಕ್ಕಿದ್ದು ಅಲ್ಲಿನವರು ಕೈಬಿಡದೆ ಇದ್ದದ್ದಕ್ಕೆ. ಅಂಥ ಜಾಗ ಬಿಟ್ಟು ಹೋಗೋಕೆ ಸುಲಭಕ್ಕೆ ಮನಸ್ಸು ಬರುತ್ತಾ?

ಹಿಮಗಾಲಿ: ಕಾರ್ಲ್ ವಿಷಯ ಗೊತ್ತೇ ಇರಲಿಲ್ಲ. ಹಾಗಾದರೆ ಆಡಿದ ಅನುಭವ ಇಲ್ಲದೆಯೂ ಈ ದಾರಿ ಹಿಡಿಯಬಹುದಾ?

ನೀಲಿಗೆರೆ: ಅಪರೂಪ. ಕಾರ್ಲ್ ಕೂಡ ಡ್ರಾಫ್ಟ್ ಮಟ್ಟದವರೆಗೆ ಆಡಿದವರೇ. ಹೆಚ್ಚಿನವರು ಕಾಲೇಜಿನಲ್ಲಿ ಆಡಿ, ಅಸಿಸ್ಟೆಂಟ್ ಆಗಿ ವರ್ಷಗಟ್ಟಲೆ ಜೂನಿಯರ್ ಮ್ಯಾಚ್ ನೋಡುತ್ತಾ ಊರೂರು ಸುತ್ತಿದವರು. ಅಲ್ಲಿಂದಲೇ ಶುರು ಮಾಡಬೇಕು.